ಹತ್ತಿದವರ ಲೆಕ್ಕ ಇದೆ, ಸ್ಟಾಪಿನಲ್ಲೇ ಉಳಿದವರ ಲೆಕ್ಕ ಎಲ್ಲಿದೆ?

ಇವರಿಗೆ,
ಮಾನ್ಯ ಸಾರಿಗೆ ಸಚಿವರು, ಕರ್ನಾಟಕ ಸರ್ಕಾರ,
ಹಾಗೂ ರಾಜ್ಯದ ನಾಲ್ಕೂ ರಸ್ತೆ ಸಾರಿಗೆ ನಿಗಮಗಳ ವ್ಯವಸ್ಥಾಪಕ ನಿರ್ದೇಶಕರು

ವಿಷಯ: ಹಳ್ಳಿ ಬಸ್ಸುಗಳ ಮೇಲೆ ಹಳ್ಳಿಯವರ ಕಣ್ಣೂ ಇರಬೇಕು ಎನ್ನುವ ಬಗ್ಗೆ

ಮಾನ್ಯರೇ, ನಮಸ್ಕಾರ.

ನಾನು ಟೈಲರ್. ಬ್ಲೌಸು, ಚೂಡಿದಾರ್, ಸ್ಕೂಲ್ ಯೂನಿಫಾರಂ ಹೊಲಿಯುತ್ತೇನೆ. ನಮ್ಮೂರ ಬಸ್ ಸ್ಟಾಪಿನ ಎದುರಿಗೇ ನನ್ನ ಅಂಗಡಿ. ಬೆಳಕು ಚೆನ್ನಾಗಿ ಬೀಳಲಿ ಅಂತ ಮಿಷನ್ನನ್ನು ರಸ್ತೆ ಕಡೆಗೆ ಇಟ್ಟುಕೊಂಡಿದ್ದೇನೆ. ಹಾಗಾಗಿ ಹದಿನಾರು ವರ್ಷದಿಂದ ಬಸ್ಸು ಬರುವುದು, ಬಾರದೇ ಇರುವುದು ಎರಡೂ ಬೇಡ ಅಂದರೂ ನನ್ನ ಕಣ್ಣಿಗೆ ಬೀಳುತ್ತವೆ.

ಕಳೆದ ವರ್ಷ ಕಾಲೇಜು ಶುರುವಾದ ಮೇಲೆ ಅಳತೆ ಪುಸ್ತಕದ ಹಿಂಬದಿಯಿಂದ ಬಸ್ಸಿನ ಲೆಕ್ಕ ಬರೆಯಲು ಶುರು ಮಾಡಿದೆ. ಮುಂದಿನಿಂದ ತೋಳು, ಸೊಂಟ, ಉದ್ದ. ಹಿಂದಿನಿಂದ ಬಸ್ಸು. ಮೊದಲು ಎರಡೇ ಕಾಲಂ ಹಾಕಿದ್ದೆ: ಬಂತಾ, ಎಷ್ಟು ಹೊತ್ತಿಗೆ ಬಂತು. ಒಂದು ವಾರ ಆದ ಮೇಲೆ ಮೂರನೆಯದನ್ನು ಹಾಕಬೇಕಾಯಿತು: ಎಷ್ಟು ಜನ ಉಳಿದರು. ಈ ಪತ್ರ ಬರೆಯುತ್ತಿರುವುದು ಆ ಮೂರನೆಯ ಕಾಲಂ ಬಗ್ಗೆ.

ನಮ್ಮದು ತಾಲ್ಲೂಕು ಕೇಂದ್ರದಿಂದ 22 ಕಿಲೋಮೀಟರ್ ದೂರದ ಊರು. ನಿಮ್ಮ ನಾಲ್ಕು ನಿಗಮಗಳಲ್ಲಿ ಯಾವುದಕ್ಕೆ ಸೇರಿದ್ದು, ಡಿಪೊ ಯಾವುದು ಅಂತ ಹೇಳುವುದಿಲ್ಲ. ಹೇಳಿದರೆ ಏನಾಗುತ್ತದೆ ಅಂತ ನೋಡಿದ್ದೇನೆ. ಯಾರೋ ಒಬ್ಬ ಕಂಡಕ್ಟರಿಗೆ ಮೆಮೊ ಬರುತ್ತದೆ, ಬಸ್ಸು ಮಾತ್ರ ಬರುವುದಿಲ್ಲ. ನಮಗೆ ಬೇಕಾಗಿರುವುದು ಬಸ್ಸು.

ಬೆಳಿಗ್ಗೆ ಏಳೂ ನಲವತ್ತರ ಬಸ್ಸು ನಮ್ಮ ಊರಿಗೆ ಪ್ರಾಣ. ಪಿಯುಸಿ ಮಕ್ಕಳು, ಗಾರ್ಮೆಂಟ್ಸಿಗೆ ಹೋಗುವವರು, ತಾಲ್ಲೂಕು ಆಸ್ಪತ್ರೆಗೆ ಹೋಗುವವರು, ಹೂವಿನ ಬುಟ್ಟಿಯವರು, ಎಲ್ಲರಿಗೂ ಅದೊಂದೇ. ಅದೇ ಬಸ್ಸು ತಾಲ್ಲೂಕು ಕೇಂದ್ರದಿಂದ ಇಲ್ಲಿಗೆ ಬರುವಾಗ ಖಾಲಿ ಬರುವುದಿಲ್ಲ, ಅದನ್ನೂ ಗಮನಿಸಿ. ನಮ್ಮ ಶಾಲೆಯ ಇಬ್ಬರು ಮೇಡಂ ಅದರಲ್ಲೇ ಬರುತ್ತಾರೆ. ಆರೋಗ್ಯ ಕೇಂದ್ರದ ನರ್ಸಮ್ಮ ಅದರಲ್ಲೇ. ಅಂಚೆ ಚೀಲವೂ ಅದರಲ್ಲೇ. ಬಸ್ಸು ಕೈಕೊಟ್ಟ ದಿನ ಊರಿಂದ ಹೋಗುವವರಿಗೆ ತೊಂದರೆ ಅಂತ ಎಲ್ಲರಿಗೂ ಗೊತ್ತು. ಅವತ್ತು ಶಾಲೆಯ ಗಂಟೆಯೂ ತಡವಾಗಿ ಹೊಡೆಯುತ್ತದೆ, ಚುಚ್ಚುಮದ್ದಿಗೆ ಮಗು ಎತ್ತಿಕೊಂಡು ಬಂದವಳು ಜಗಲಿಯ ಮೇಲೆ ಕೂತಿರುತ್ತಾಳೆ ಅನ್ನುವುದು ಯಾವ ಕಚೇರಿಗೂ ಗೊತ್ತಾಗುವುದಿಲ್ಲ.

ನನ್ನ ಪುಸ್ತಕದ ಜುಲೈ ಪುಟ ಹೇಳುತ್ತೇನೆ. ಆ ತಿಂಗಳು 26 ಕಾಲೇಜು ದಿನ ಇತ್ತು. ಐದು ದಿನ ಬಸ್ಸು ಬರಲೇ ಇಲ್ಲ. ಎಂಟು ದಿನ ಬಂತು, ಆದರೆ ನಿಲ್ಲಲಿಲ್ಲ. ಹಿಂದಿನ ಊರಲ್ಲೇ ತುಂಬಿಕೊಂಡು, ಬಾಗಿಲಲ್ಲಿ ಹುಡುಗರು ನೇತಾಡುತ್ತಾ, ನಮ್ಮ ಸ್ಟಾಪಿನ ಮುಂದೆ ಹಾರ್ನ್ ಹೊಡೆದುಕೊಂಡು ಹೋಯಿತು. ಡ್ರೈವರ್ ಕೈ ಆಡಿಸುತ್ತಾರೆ, ಹಿಂದೆ ಇನ್ನೊಂದು ಬರುತ್ತದೆ ಅನ್ನುವ ಹಾಗೆ. ಹಿಂದೆ ಯಾವುದೂ ಬರುವುದಿಲ್ಲ. ಅವರಿಗೂ ಗೊತ್ತು, ನಮಗೂ ಗೊತ್ತು. ಸುಮ್ನೆ ಒಂದು ಮರ್ಯಾದೆಗೆ ಆಡಿಸುತ್ತಾರೆ.

ಉಳಿದವರು ಏನು ಮಾಡುತ್ತಾರೆ? ಗಂಡು ಹುಡುಗರು ಯಾರದ್ದೋ ಬೈಕಿಗೆ ಕೈ ಅಡ್ಡ ಹಾಕುತ್ತಾರೆ. ಗಂಡಸರು ಗೂಡ್ಸ್ ಆಟೊ ಹತ್ತಿ ಕಂಬಿ ಹಿಡಿದು ನಿಲ್ಲುತ್ತಾರೆ. ಹುಡುಗಿಯರು ನನ್ನ ಅಂಗಡಿಯ ಬೆಂಚಿನ ಮೇಲೆ ಒಂಬತ್ತರವರೆಗೆ ಕಾದು ಮನೆಗೆ ವಾಪಸ್ ಹೋಗುತ್ತಾರೆ. ಹೋದ ವರ್ಷ ಹಾಗೆ ಹೋದವರಲ್ಲಿ ಒಬ್ಬಳು ಪ್ರಥಮ ಪಿಯುಸಿ. ಹಾಜರಾತಿ ಕಡಿಮೆ ಆಯಿತು. ಮನೆಯಲ್ಲಿ, "ದಿನಾ ಹೋಗೋಕ್ಕಾಗದ ಕಾಲೇಜು ಯಾಕೆ" ಅಂದರು. ದಸರೆ ರಜೆ ಆದ ಮೇಲೆ ಅವಳು ಸ್ಟಾಪಿಗೆ ಬರಲಿಲ್ಲ. ಈಗ ನನ್ನ ಹತ್ತಿರ ಹೊಲಿಗೆ ಕಲಿಯುತ್ತಿದ್ದಾಳೆ. ಕೈ ಚೆನ್ನಾಗಿದೆ, ಬೇಗ ಕಲಿತಳು. ಆದರೆ ಅವಳು ಓದಬೇಕಿತ್ತು.

ಅವಳು ಕಾಲೇಜು ಬಿಟ್ಟಿದ್ದಕ್ಕೆ ಕಾಲೇಜಿನ ಪುಸ್ತಕದಲ್ಲಿ ಒಂದು ಕಾರಣ ಬರೆದಿರುತ್ತಾರೆ. ಬಸ್ಸು ಅಂತ ಬರೆದಿರುವುದಿಲ್ಲ.

ಮಾನ್ಯರೇ, ದೂರು ಕೊಡಲಿಲ್ಲವೇ ಅಂತ ನೀವು ಕೇಳಬಹುದು. ಕೊಟ್ಟಿದ್ದೇವೆ. ಸಹಾಯವಾಣಿಗೆ ಫೋನು ಮಾಡಿದರೆ ನಂಬರ್ ಕೊಡುತ್ತಾರೆ. ನಾಲ್ಕು ದಿನಕ್ಕೆ ಮೊಬೈಲಿಗೆ ಮೆಸೇಜು ಬರುತ್ತದೆ: ಸಂಬಂಧಪಟ್ಟವರಿಗೆ ಸೂಚಿಸಲಾಗಿದೆ, ದೂರು ಮುಕ್ತಾಯಗೊಂಡಿದೆ. ಸೂಚಿಸಿದ್ದು ಯಾರು, ಯಾರಿಗೆ, ಅವರು ಏನಂದರು? ಅದು ಇರುವುದಿಲ್ಲ. ಶಾಸಕರಿಗೆ ಮನವಿ ಕೊಟ್ಟೆವು. ಅವರು ಕೆಡಿಪಿ ಸಭೆಯಲ್ಲಿ, ಅಂದರೆ ಇಲಾಖೆಗಳ ಕೆಲಸ ಪರಿಶೀಲಿಸುವ ಸಭೆಯಲ್ಲಿ, ಡಿಪೊದವರನ್ನು ಕೇಳಿದರು, ಪೇಪರಿನಲ್ಲೂ ಬಂತು. ಮರುದಿನದಿಂದ ಹನ್ನೆರಡು ದಿನ ಬಸ್ಸು ಗಡಿಯಾರದ ಹಾಗೆ ಬಂತು. ಹದಿಮೂರನೇ ದಿನದಿಂದ ಯಥಾಪ್ರಕಾರ. ನನ್ನ ಪುಸ್ತಕದಲ್ಲಿ ಅದೂ ಇದೆ. ಕೊನೆಗೆ, ಡಿಸಿ ಸಾಹೇಬರಿಗೇ ಕೊಡಿ ಅಂತ ಯಾರೋ ಹೇಳಿದರು ಅಂತ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ ಬಂದೆವು. ಆಮೇಲೆ ಗೊತ್ತಾಯಿತು, ನಿಗಮದಲ್ಲೂ ಒಬ್ಬರು ಡಿಸಿ ಇದ್ದಾರೆ, ವಿಭಾಗೀಯ ನಿಯಂತ್ರಣಾಧಿಕಾರಿ. ಒಂದು ದಿನದ ದುಡಿಮೆ ಹೋಯಿತು, ನಗು ಬಂತು.

ಡಿಪೊಗೂ ಹೋದೆ. ಅಲ್ಲಿಯ ವ್ಯವಸ್ಥಾಪಕರು ಒಳ್ಳೆಯವರೇ. ಕೂರಿಸಿದರು, ನೀರು ಕೊಟ್ಟರು. "ನೋಡಿ ಮೇಡಂ, ಆ ರೂಟಿನಲ್ಲಿ ಇಪಿಕೆಎಂ ಇಲ್ಲ" ಅಂದರು. ಹಾಗಂದರೆ ಒಂದು ಕಿಲೋಮೀಟರಿಗೆ ಎಷ್ಟು ದುಡ್ಡು ಹುಟ್ಟಿತು ಅನ್ನುವ ಲೆಕ್ಕ. ನಮ್ಮ ರೂಟಿನಲ್ಲಿ ಕಮ್ಮಿ ಹುಟ್ಟುತ್ತದೆ. ಬೆಳಿಗ್ಗೆ ಡ್ರೈವರ್ ಕಮ್ಮಿ ಬಿದ್ದರೆ, ಬಸ್ಸು ಕೆಟ್ಟರೆ, ಯಾವುದಾದರೂ ಸಮಾವೇಶಕ್ಕೆ ಬಸ್ಸು ಕೊಡಬೇಕಾಗಿ ಬಂದರೆ, ಮೊದಲು ನಿಲ್ಲುವುದು ಇಂಥ ರೂಟಿನ ಟ್ರಿಪ್ಪು. ಹೆದ್ದಾರಿ ಬಸ್ಸನ್ನು ನಿಲ್ಲಿಸುವ ಹಾಗಿಲ್ಲ, ಕಲೆಕ್ಷನ್ ಹೋಗುತ್ತದೆ. ಅವರ ಕುರ್ಚಿಯಲ್ಲಿ ನಾನು ಕೂತಿದ್ದರೂ ಬಹುಶಃ ಅದನ್ನೇ ಮಾಡುತ್ತಿದ್ದೆ. ಯಾಕೆಂದರೆ ಮೇಲಿನವರು ಕೇಳುವ ಪ್ರಶ್ನೆ ಅದೊಂದೇ.

ಆದರೆ ಆ ಲೆಕ್ಕದಲ್ಲಿ ಒಂದು ಓರೆ ಇದೆ. ಬಸ್ಸು ನಂಬಿಕೆಗೆ ಬಾರದಾಗ ಜನ ಬೇರೆ ದಾರಿ ನೋಡಿಕೊಳ್ಳುತ್ತಾರೆ. ಸಾಲ ಮಾಡಿ ಬೈಕು ತರುತ್ತಾರೆ. ಮಗಳನ್ನು ಹಾಸ್ಟೆಲಿಗೆ ಹಾಕುತ್ತಾರೆ, ಇಲ್ಲವೇ ಕಾಲೇಜು ಬಿಡಿಸುತ್ತಾರೆ. ಆಗ ಕಲೆಕ್ಷನ್ ಇನ್ನೂ ಕಮ್ಮಿ ಆಗುತ್ತದೆ. ಆಗ ಡಿಪೊದವರು ಹೇಳುತ್ತಾರೆ, ನೋಡಿ, ಜನವೇ ಇಲ್ಲ. ಮೂರು ದಿನಕ್ಕೊಮ್ಮೆ ಅಂಗಡಿಗೆ ಬೀಗ ಹಾಕಿಕೊಂಡು ಹೋಗಿ, ಗಿರಾಕಿ ಬರುತ್ತಿಲ್ಲ ಅಂತ ನಾನು ಹೇಳಿದರೆ ನೀವು ಒಪ್ಪುತ್ತೀರಾ?

ಕಂಡಕ್ಟರ್ ಕೈಯಲ್ಲಿರುವ ಟಿಕೆಟ್ ಮಿಷನ್ನಿಗೆ ಎಲ್ಲಾ ಗೊತ್ತು. ಯಾರು ಎಲ್ಲಿ ಹತ್ತಿದರು, ಎಲ್ಲಿಗೆ ಟಿಕೆಟ್ ತಗೊಂಡರು, ಎಷ್ಟು ಹೊತ್ತಿಗೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನಮ್ಮಂಥ ಹೆಂಗಸರ ಶೂನ್ಯ ಟಿಕೆಟ್ ಕೂಡ ಒಂದೊಂದೂ ದಾಖಲಾಗುತ್ತದೆ. 2025ರ ಜುಲೈ ಹೊತ್ತಿಗೆ 500 ಕೋಟಿ ಉಚಿತ ಪ್ರಯಾಣ ಆಯಿತು ಅಂತ ಸರ್ಕಾರ ಹಬ್ಬವನ್ನೇ ಮಾಡಿತು. ಮಾಡಲಿ, ನನಗೂ ಖುಷಿಯೇ. ನನ್ನ ಅತ್ತೆ ಆ ಯೋಜನೆಯಿಂದ ಮೊದಲನೇ ಸಲ ಒಬ್ಬರೇ ತವರಿಗೆ ಹೋಗಿ ಬಂದರು. ದುಡ್ಡು ಕೇಳಲು ಮಗನ ಮುಂದೆ ನಿಲ್ಲಬೇಕಾಗಿರಲಿಲ್ಲವಲ್ಲ. ಅದರ ಬೆಲೆ ನಮಗೆ ಗೊತ್ತು.

ಆದರೆ ಆ ಮಿಷನ್ನಿಗೆ ಹತ್ತಿದವರು ಮಾತ್ರ ಕಾಣುತ್ತಾರೆ. ಹತ್ತಲಾಗದೆ ಸ್ಟಾಪಿನಲ್ಲಿ ನಿಂತ ಹುಡುಗಿ ಅದಕ್ಕೆ ಕಾಣುವುದಿಲ್ಲ. ಬಸ್ಸು ತುಂಬಿಕೊಂಡು ಹೋದ ದಿನ ನಿಮ್ಮ ಲೆಕ್ಕದಲ್ಲಿ ಒಳ್ಳೆಯ ದಿನ. ಕಲೆಕ್ಷನ್ ಜಾಸ್ತಿ, ಟಿಕೆಟ್ ಜಾಸ್ತಿ. ನನ್ನ ಪುಸ್ತಕದಲ್ಲಿ ಅದೇ ದಿನ ಮೂರನೆಯ ಕಾಲಂನಲ್ಲಿ ಹನ್ನೊಂದು ಅಂತ ಇದೆ. ಎರಡೂ ನಿಜ. ಆದರೆ ನಿಮ್ಮ ಮೇಜಿಗೆ ಬರುವುದು ಒಂದೇ.

ಇನ್ನೊಂದು ಮಾತು. ಬಸ್ಸಿನೊಳಗೆ ಕೆಲವರು ನಮಗೆ "ಫ್ರೀ ಬಸ್ಸಿನವರು" ಅನ್ನುತ್ತಾರೆ. ಸೀಟಿಗೆ ಜಗಳ ಆದಾಗಲಂತೂ ಈ ಮಾತು ಬಂದೇ ಬರುತ್ತದೆ. ನಮ್ಮ ಟಿಕೆಟ್ಟಿನ ದುಡ್ಡನ್ನು ಸರ್ಕಾರ ನಿಗಮಕ್ಕೆ ಕಟ್ಟಿಕೊಡುತ್ತದೆ, ಜನರ ತೆರಿಗೆಯಿಂದ. ಗಂಡಸರ ಟಿಕೆಟ್ ದರ 2025ರ ಜನವರಿ 5ರಿಂದ ಶೇಕಡ 15ರಷ್ಟು ಏರಿತು. ಅದನ್ನೂ ಜನರೇ ಕೊಡುತ್ತಿದ್ದಾರೆ. ಎರಡೂ ಕಡೆಯಿಂದ ದುಡ್ಡು ಕೊಡುವವರು ನಾವೇ ಆದ ಮೇಲೆ, ಬಸ್ಸು ಬಂತೋ ಇಲ್ಲವೋ ಅನ್ನುವ ಪುಸ್ತಕವನ್ನು ನೋಡುವ ಹಕ್ಕು ನಮಗೆ ಇರಬೇಕಲ್ವಾ?

ಈ ಪ್ರಶ್ನೆ ತಲೆಗೆ ಹೊಕ್ಕ ಮೇಲೆ ಕಾಯ್ದೆ ಹುಡುಕಿದೆ. ನಾನು ಓದಿರುವುದು ಪಿಯುಸಿ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಮೊಬೈಲಿನಲ್ಲಿ ಓದಿದ್ದು, ಅರ್ಥವಾಗದ ಕಡೆ ಮಗಳಿಂದ ಹೇಳಿಸಿಕೊಂಡಿದ್ದು. 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆ. ಅದರ 22ನೇ ಸೆಕ್ಷನ್, ನಿಗಮ ವ್ಯಾಪಾರದ ತತ್ವದ ಮೇಲೆ ನಡೆಯಬೇಕು ಅನ್ನುತ್ತದೆ. ಡಿಪೊದಲ್ಲಿ ನಮಗೆ ಹೇಳಿದ್ದು ಅದನ್ನೇ, ಸೆಕ್ಷನ್ ನಂಬರ್ ಹೇಳಲಿಲ್ಲ ಅಷ್ಟೇ. ಆದರೆ 22 ಬರುವ ಮೊದಲು 18 ಬರುತ್ತದೆ. ಅಲ್ಲಿ ನಿಗಮದ ಕರ್ತವ್ಯ ಹೇಳಿದ್ದಾರೆ: ದಕ್ಷವಾದ, ಸಾಕಷ್ಟು ಪ್ರಮಾಣದ, ಮಿತವ್ಯಯದ, ಒಂದಕ್ಕೊಂದು ಹೊಂದಿಕೊಂಡ ಬಸ್ ಸೇವೆ ಕೊಡುವುದು. "ಸಾಕಷ್ಟು" ಅನ್ನುವ ಮಾತು ಅದರಲ್ಲೇ ಇದೆ. ಇಪ್ಪತ್ತು ಜನ ಕಾಯುವ ಸ್ಟಾಪಿನಲ್ಲಿ ಒಂಬತ್ತು ಜನ ಹತ್ತಿದರೆ ಅದು ಸಾಕಷ್ಟೋ ಅಲ್ಲವೋ ಅಂತ ಹೇಳಬೇಕಾದವರು ಯಾರು?

ಅದಕ್ಕೂ ಉತ್ತರ ಅಲ್ಲೇ ಇದೆ, 18ರ ಹಿಂದಿನ 17ರಲ್ಲಿ. ರಾಜ್ಯ ಸರ್ಕಾರ ನಿಯಮ ಮಾಡಿ, ನಿಗಮಕ್ಕೆ ಸಲಹೆ ಕೊಡಲು ಸಲಹಾ ಮಂಡಳಿಗಳನ್ನು ರಚಿಸಬಹುದು. ಮಂಡಳಿ ಒಂದೇ ಇರಬೇಕು ಅಂತಲೂ ಇಲ್ಲ. ಎಪ್ಪತ್ತು ವರ್ಷ ದಾಟಿದ ಕಾಯ್ದೆಯಲ್ಲಿ ಈ ಬಾಗಿಲು ಇದೆ. ನಮ್ಮ ತಾಲ್ಲೂಕಿನಲ್ಲಿ ಅಂಥ ಮಂಡಳಿಯಲ್ಲಿ ಕೂತವರನ್ನು ನಾನಂತೂ ಕಂಡಿಲ್ಲ, ಕೇಳಿಲ್ಲ. ನಮ್ಮ ಕಿವಿಗೆ ಬೀಳುವುದು ಯಾವಾಗಲೂ 22 ಮಾತ್ರ. 17, 18 ದಾಟಿಕೊಂಡೇ ತಾನೇ ಅಲ್ಲಿಗೆ ಹೋಗಬೇಕು?

ಮೈಸೂರು ಸರ್ಕಾರ 1948ರಲ್ಲಿ 120 ಬಸ್ಸುಗಳಿಂದ ಸಾರಿಗೆ ಶುರು ಮಾಡಿದಾಗ ಅದು ಸರ್ಕಾರದ್ದೇ ಒಂದು ಇಲಾಖೆ. 1961ರಲ್ಲಿ ನಿಗಮ ಆಯಿತು. 1997ರಲ್ಲಿ ಬೆಂಗಳೂರಿನದು ಮತ್ತು ಹುಬ್ಬಳ್ಳಿ ಕಡೆಯದು ಬೇರೆ ಆದವು, 2000ದಲ್ಲಿ ಕಲಬುರಗಿ ಕಡೆಯದು. ಹೀಗೆ ಒಡೆದಿದ್ದು ಆಡಳಿತ ಜನರ ಹತ್ತಿರ ಬರಲಿ ಅಂತಲೇ ಇರಬೇಕು. ನಮಗೆ ಆಗಿದ್ದು ಬೇರೆ. ಸರ್ಕಾರವನ್ನು ಕೇಳಿದರೆ ನಿಗಮ ಸ್ವತಂತ್ರ ಅನ್ನುತ್ತಾರೆ. ನಿಗಮವನ್ನು ಕೇಳಿದರೆ ಹೊಸ ಬಸ್ಸು, ನೇಮಕಾತಿ ಎಲ್ಲಾ ಸರ್ಕಾರದ ಕೈಯಲ್ಲಿ ಅನ್ನುತ್ತಾರೆ. ಸಚಿವರೇ, ಅದೇ ಕಾಯ್ದೆಯ 34ನೇ ಸೆಕ್ಷನ್ನಿನಲ್ಲಿ ನಿಗಮಕ್ಕೆ ಸಾಮಾನ್ಯ ಸೂಚನೆ ಕೊಡುವ ಅಧಿಕಾರ ಸರ್ಕಾರಕ್ಕೆ ಇದೆ. ಹಾಗಾಗಿ ಈ ಪತ್ರ ಮೊದಲು ನಿಮಗೆ.

ನಮ್ಮೂರ ಶಾಲೆಗೆ ಎಸ್‌ಡಿಎಂಸಿ ಇದೆ, ಅಂದರೆ ಶಾಲೆಯ ಉಸ್ತುವಾರಿ ಸಮಿತಿ. ನಾನೂ ಮೂರು ವರ್ಷ ಸದಸ್ಯೆಯಾಗಿದ್ದೆ. ನ್ಯಾಯಬೆಲೆ ಅಂಗಡಿಗೆ ಜಾಗೃತಿ ಸಮಿತಿ ಇದೆ. ಉದ್ಯೋಗ ಖಾತರಿಯಲ್ಲಿ ಕೆರೆ ಹೂಳು ತೆಗೆದಾಗ ಗ್ರಾಮಸಭೆಯಲ್ಲಿ ಸಾಮಾಜಿಕ ಪರಿಶೋಧನೆ ಅಂತ ಮಾಡಿದರು. ಕೂಲಿ ಯಾರಿಗೆ ಹೋಯಿತು ಅಂತ ಹೆಸರು ಹೆಸರು ಓದಿದರು. ಅದರಲ್ಲಿ ನಾಟಕವೂ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೂ ಓದಿದರು. ಬಸ್ಸಿನ ಬಗ್ಗೆ ಮಾತ್ರ ಇಡೀ ಊರು ಕೂತು ಕೇಳುವ ಜಾಗವೇ ಇಲ್ಲ.

ಇನ್ನೊಂದು ವಿಚಿತ್ರ ಕೇಳಿ. ಮೋಟಾರು ವಾಹನ ಕಾಯ್ದೆ, 1988ರದ್ದು. ಒಂದು ದಾರಿಯಲ್ಲಿ ಖಾಸಗಿಯವರನ್ನು ಬಿಟ್ಟು ಸರ್ಕಾರಿ ಬಸ್ಸೇ ಓಡಬೇಕು ಅಂತ ಯೋಜನೆ ಮಾಡಬೇಕಾದರೆ ಅದನ್ನು ಗೆಜೆಟ್ಟಿನಲ್ಲಿ, ಪೇಪರಿನಲ್ಲಿ ಪ್ರಕಟಿಸಬೇಕು. ಮೂವತ್ತು ದಿನದೊಳಗೆ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ಯಾರು ಬೇಕಾದರೂ ಅಂತಲೇ ಇದೆ. ಅಂದರೆ ದಾರಿಯನ್ನು ಹಿಡಿದುಕೊಳ್ಳುವಾಗ ನಮ್ಮನ್ನು ಕೇಳುತ್ತಾರೆ. ಹಿಡಿದುಕೊಂಡ ದಾರಿಯಲ್ಲಿ ಬಸ್ಸು ನಿಲ್ಲಿಸುವಾಗ ಸ್ಟಾಪಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲೂ ಒಂದು ಸಾಲು ಬರೆಯುವುದಿಲ್ಲ. ಖಾಸಗಿ ಬಸ್ಸೇ ಬರಲಿ ಅಂತ ನಾನು ಹೇಳುತ್ತಿಲ್ಲ. ಉಡುಪಿ, ದಕ್ಷಿಣ ಕನ್ನಡದಲ್ಲಿ ಖಾಸಗಿ ಬಸ್ಸುಗಳೇ ಜಾಸ್ತಿ, ಅವುಗಳ ಪೈಪೋಟಿಯ ಕಥೆ ಅಲ್ಲಿಯವರಿಗೆ ಗೊತ್ತು. ಆದರೆ ಅಲ್ಲಿ ಪರ್ಮಿಟ್ ಅಂತ ಒಂದು ಕಾಗದ ಇದೆ, ಪರ್ಮಿಟ್ ಕೊಡುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳು ಅಧ್ಯಕ್ಷರು. ಬಸ್ಸು ಟ್ರಿಪ್ ತಪ್ಪಿಸಿದರೆ ಆ ಕಾಗದ ಹಿಡಿದು ಕೇಳಬಹುದು. ನಮ್ಮ ಕೈಯಲ್ಲಿ ಹಿಡಿಯಲು ಏನಿದೆ?

ಕೇಳದೇ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ತಂಗುವ ಬಸ್ಸಿನ ಕಥೆ ಹೇಳಬೇಕು.

ಮೊದಲು ರಾತ್ರಿ ಎಂಟೂವರೆಗೆ ಒಂದು ಬಸ್ಸು ಬಂದು ನಮ್ಮೂರಲ್ಲೇ ತಂಗುತ್ತಿತ್ತು. ಬೆಳಿಗ್ಗೆ ಆರಕ್ಕೆ ಹೊರಡುತ್ತಿತ್ತು. ಹಾಲ್ಟಿಂಗ್ ಬಸ್ಸು ಅಂತಲೇ ಅದರ ಹೆಸರು. ಬೆಂಗಳೂರಿನ ರೈಲು ಹಿಡಿಯುವವರು, ಮಾರ್ಕೆಟ್ಟಿಗೆ ಸೊಪ್ಪು ಒಯ್ಯುವವರು ಅದಕ್ಕೇ ಹೋಗುತ್ತಿದ್ದರು. ರಾತ್ರಿ ತಾಲ್ಲೂಕು ಆಸ್ಪತ್ರೆಯಿಂದ ವಾಪಸ್ ಬರಲೂ ಅದೊಂದು ಧೈರ್ಯ. ಒಂದು ದಿನ ನಿಂತುಹೋಯಿತು. ಯಾಕೆ ಅಂತ ಯಾರೂ ಹೇಳಲಿಲ್ಲ. ಲಾಸು ಇರಬೇಕು ಅಂದುಕೊಂಡೆವು. ಯಾವುದೋ ದೊಡ್ಡವರ ಊರಿಗೆ ಕೊಟ್ಟಿರಬೇಕು ಅಂತ ಕೆಲವರು ಅಂದರು. ಹೀಗೇ ಐದು ವರ್ಷ ಬೈದುಕೊಂಡಿದ್ದೆವು. ಬಸ್ಸಿಲ್ಲದ ಊರಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಾರೆ ಅಂತ ವಯಸ್ಸಾದವರು ತಮಾಷೆಗೆ ಹೇಳುತ್ತಿದ್ದರು. ಆಮೇಲಾಮೇಲೆ ಅದು ತಮಾಷೆಯಾಗಿ ಉಳಿಯಲಿಲ್ಲ.

ಹೋದ ಚಳಿಗಾಲದಲ್ಲಿ ಒಬ್ಬ ಕಂಡಕ್ಟರ್ ನನ್ನ ಅಂಗಡಿಗೆ ಬಂದರು. ರಶ್ಶಿನಲ್ಲಿ ಖಾಕಿ ಶರ್ಟಿನ ಜೇಬು ಕಿತ್ತುಬಂದಿತ್ತು. ಬಸ್ಸು ಹೊರಡಲು ಹತ್ತು ನಿಮಿಷ ಇತ್ತು. ಹೊಲಿಗೆ ಹಾಕುತ್ತಾ ಮಾತಿಗೆ ಮಾತು ಬಂತು. "ಅಕ್ಕಾ, ನಿಮ್ಮೂರ ಹಾಲ್ಟಿಂಗ್ ಡ್ಯೂಟಿ ಅಂದರೆ ನಾವೆಲ್ಲಾ ಹೆದರುತ್ತಿದ್ದೆವು" ಅಂದರು. ಯಾಕೆ ಅಂದೆ. ಮಲಗಲು ಜಾಗ ಇರಲಿಲ್ಲವಂತೆ. ಬಸ್ಸಿನ ಸೀಟಿನ ಮೇಲೆ, ಸೊಳ್ಳೆಯಲ್ಲಿ. ಶೌಚಾಲಯ ಇಲ್ಲ. ದಿನದ ಕಲೆಕ್ಷನ್ ದುಡ್ಡಿನ ಬ್ಯಾಗನ್ನು ತಲೆದಿಂಬು ಮಾಡಿಕೊಂಡು ರಾತ್ರಿಯೆಲ್ಲಾ ಅರೆನಿದ್ದೆ. ಬೆಳಿಗ್ಗೆ ಎದ್ದು ಅದೇ ಕಣ್ಣಲ್ಲಿ ಐವತ್ತು ಜನರನ್ನು ಕೂರಿಸಿಕೊಂಡು ಹೋಗಬೇಕು. ಡ್ರೈವರುಗಳು ಒಬ್ಬೊಬ್ಬರಾಗಿ ಆ ಡ್ಯೂಟಿ ಬೇಡ ಅಂದರು, ಡಿಪೊದವರು ಬಸ್ಸನ್ನು ಬೇರೆ ಊರಿಗೆ ಹಾಕಿದರು.

ಸೂಜಿ ಕೈಯಲ್ಲೇ ಉಳಿಯಿತು. ನನ್ನ ಅಂಗಡಿಯಿಂದ ನೂರು ಹೆಜ್ಜೆಗೆ ನಮ್ಮ ಸಮುದಾಯ ಭವನ ಇದೆ. ಶೌಚಾಲಯವೂ ಇದೆ. ವರ್ಷದಲ್ಲಿ ಮುನ್ನೂರು ದಿನ ಬೀಗ ಹಾಕಿರುತ್ತದೆ. ಯಾರಾದರೂ ಒಂದು ಮಾತು ಕೇಳಿದ್ದರೆ ಬೀಗದ ಕೈ ಕೊಡುತ್ತಿದ್ದೆವು. ಎರಡು ಮಂಚ, ಒಂದು ಫ್ಯಾನು, ಎರಡು ಸೊಳ್ಳೆ ಪರದೆ. ಪರದೆಯನ್ನಂತೂ ನಾನೇ ಹೊಲಿದುಕೊಡುತ್ತಿದ್ದೆ. ಇಷ್ಟಕ್ಕೆ ಹೋಗಿದ್ದು ಐದು ವರ್ಷದ ಬಸ್ಸು. ಡಿಪೊದವರು ನಮ್ಮನ್ನು ಕೇಳಲಿಲ್ಲ. ನಾವೂ ಆ ಇಬ್ಬರು ರಾತ್ರಿ ಎಲ್ಲಿ ಮಲಗುತ್ತಾರೆ ಅಂತ ಒಂದು ದಿನವೂ ಕೇಳಲಿಲ್ಲ. ಇದನ್ನು ಬರೆಯಲು ನಾಚಿಕೆ ಆಗುತ್ತದೆ, ಆದರೂ ಬರೆಯಬೇಕು. ಬಸ್ಸು ನಿಲ್ಲಿಸಲಿಲ್ಲ ಅಂತ ಕಲ್ಲು ತೂರಿದವರೂ ನಮ್ಮೂರಲ್ಲಿ ಇದ್ದಾರೆ. ತಡವಾಗಿ ಬಂದ ಬಸ್ಸಿನ ಡ್ರೈವರಿನ ಕೊರಳಪಟ್ಟಿ ಹಿಡಿದಿದ್ದನ್ನು ನಾನೇ ನೋಡಿದ್ದೇನೆ. ಅವತ್ತು ಆತ ಡಬಲ್ ಡ್ಯೂಟಿಯಲ್ಲಿದ್ದರು ಅಂತ ಆಮೇಲೆ ತಿಳಿಯಿತು. ಕೇಳಲು ಸರಿಯಾದ ಜಾಗ ಇಲ್ಲದಾಗ ಸಿಟ್ಟೆಲ್ಲಾ ಎದುರಿಗೆ ಸಿಕ್ಕವರ ಮೇಲೆ ಬೀಳುತ್ತದೆ. ಎದುರಿಗೆ ಸಿಗುವವರು ಯಾವಾಗಲೂ ಖಾಕಿ ಹಾಕಿದ ಆ ಇಬ್ಬರೇ.

ಹಾಗಾಗಿ ಮಾನ್ಯರೇ, ನಮ್ಮ ಕೋರಿಕೆಗಳು.

ಮೊದಲನೆಯದು ಆ ಟಿಕೆಟ್ ಮಿಷನ್ನಿನ ಬಗ್ಗೆ. ಅದರಲ್ಲಿ ಇನ್ನೊಂದು ಬಟನ್ ಕೊಡಿ. ಬಸ್ಸು ತುಂಬಿ, ಜನ ನಿಂತಿದ್ದ ಸ್ಟಾಪಿನಲ್ಲಿ ನಿಲ್ಲಿಸಲಾಗದೆ ಹೋದರೆ ಕಂಡಕ್ಟರ್ ಅದನ್ನು ಒತ್ತಲಿ. ಎಷ್ಟು ಜನ ಅಂತ ಎಣಿಸಬೇಕಾಗಿಲ್ಲ, ಈ ಸ್ಟಾಪಿನಲ್ಲಿ ಜನ ಉಳಿದರು ಅಂತ ಗೊತ್ತಾದರೆ ಸಾಕು. ಒತ್ತಿದ್ದಕ್ಕೆ ಅವರಿಗೆ ಮೆಮೊ ಕೊಡಬಾರದು, ಇದನ್ನು ಬರಹದಲ್ಲಿ ಹೇಳಿ. ಇಲ್ಲದಿದ್ದರೆ ಯಾರೂ ಒತ್ತುವುದಿಲ್ಲ. ತಿಂಗಳ ಕೊನೆಗೆ ಕಲೆಕ್ಷನ್ ಪಟ್ಟಿಯ ಪಕ್ಕದಲ್ಲಿ ಈ ಪಟ್ಟಿಯನ್ನೂ ಇಟ್ಟು ನೋಡಿ. ಎಲ್ಲಿ ಇನ್ನೊಂದು ಟ್ರಿಪ್ ಬೇಕು ಅಂತ ನಾವು ಮನವಿ ಕೊಡಬೇಕಾಗಿಯೇ ಇರುವುದಿಲ್ಲ. ಬಟನ್ ಕಷ್ಟ ಆದರೆ, ಸದ್ಯಕ್ಕೆ ನನ್ನಂಥವರ ಪುಸ್ತಕವನ್ನಾದರೂ ಡಿಪೊದಲ್ಲಿ ತೆಗೆದುಕೊಳ್ಳಲಿ. ಬಸ್ ಸ್ಟಾಪಿನ ಎದುರು ಅಂಗಡಿ ಇಟ್ಟುಕೊಂಡವರು ಪ್ರತಿ ಊರಲ್ಲೂ ಇದ್ದಾರೆ.

ಎರಡನೆಯದು, ಓಡದ ಟ್ರಿಪ್ಪಿನ ಲೆಕ್ಕ ಬಹಿರಂಗವಾಗಲಿ. ಇವತ್ತು ಯಾವ ಟ್ರಿಪ್ ಓಡಲಿಲ್ಲ, ಯಾಕೆ ಓಡಲಿಲ್ಲ: ಡ್ರೈವರ್ ಇಲ್ಲ, ಬಸ್ಸು ಕೆಟ್ಟಿದೆ, ಒಪ್ಪಂದದ ಮೇಲೆ ಮದುವೆಗೋ ಸಮಾವೇಶಕ್ಕೋ ಹೋಗಿದೆ. ಒಂದು ಸಾಲು ಸಾಕು. ಮಾಹಿತಿ ಹಕ್ಕು ಕಾಯ್ದೆ 2005ರಲ್ಲೇ ಬಂದಿದೆ. ಅದರ 4ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ಸಂಸ್ಥೆಗಳು ಇಂಥ ಮಾಹಿತಿಯನ್ನು ಯಾರೂ ಅರ್ಜಿ ಹಾಕುವ ಮೊದಲೇ ತಾವಾಗಿ ಹೊರಗಿಡುವುದನ್ನು ರೂಢಿ ಮಾಡಿಕೊಳ್ಳಬೇಕು. ಸಮಾವೇಶಕ್ಕೆ ಬಸ್ಸು ಹೋಗುವುದು ಒಂದು ವಾರ ಮೊದಲೇ ಗೊತ್ತಿರುತ್ತದೆ. ನಮಗೂ ಹಿಂದಿನ ದಿನ ಹೇಳಿದರೆ ಪರೀಕ್ಷೆ ಇರುವ ಮಕ್ಕಳನ್ನು ಹೇಗೋ ಕಳಿಸುತ್ತೇವೆ. ಪಂಚಾಯಿತಿಯ ವಾಟ್ಸಾಪ್ ಗುಂಪಿಗೆ ಒಂದು ಮೆಸೇಜ್ ಹಾಕಲು ಎಷ್ಟು ಹೊತ್ತು ಬೇಕು?

ಮೂರನೆಯದು, ಒಂದು ಟ್ರಿಪ್ಪನ್ನು ಕಾಯಂ ಆಗಿ ನಿಲ್ಲಿಸುವ ಮೊದಲು ಅಥವಾ ಸಮಯ ಬದಲಿಸುವ ಮೊದಲು ಮೂವತ್ತು ದಿನದ ನೋಟಿಸು ಗ್ರಾಮ ಪಂಚಾಯಿತಿಗೆ ಬರಲಿ, ಕಾರಣದ ಸಮೇತ. ದಾರಿ ಹಿಡಿಯುವಾಗ ಇರುವ ಮೂವತ್ತು ದಿನ ಬಿಡುವಾಗಲೂ ಇರಲಿ. ನಮ್ಮ ಹಾಲ್ಟಿಂಗ್ ಬಸ್ಸಿಗೆ ಅಂಥ ನೋಟಿಸು ಬಂದಿದ್ದರೆ ಅದರಲ್ಲಿ ಸಿಬ್ಬಂದಿಗೆ ತಂಗಲು ವ್ಯವಸ್ಥೆ ಇಲ್ಲ ಅಂತ ಒಂದು ಸಾಲು ಇರುತ್ತಿತ್ತು. ಅಷ್ಟು ಸಾಕಾಗಿತ್ತು.

ಕೊನೆಯದು, ಆ 17ನೇ ಸೆಕ್ಷನ್. ಬೆಂಗಳೂರಿನಲ್ಲಿ ಒಂದು ದೊಡ್ಡ ಮಂಡಳಿ ಮಾಡಿ ನಿವೃತ್ತರನ್ನು ಕೂರಿಸುವುದು ಬೇಡ. ತಾಲ್ಲೂಕಿಗೊಂದು ಮಾಡಿ. ಅದರಲ್ಲಿ ಬಸ್ ಪಾಸಿರುವ ವಿದ್ಯಾರ್ಥಿಗಳು ಇರಲಿ, ಅರ್ಧದಷ್ಟು ಹೆಂಗಸರು ಇರಲಿ, ಕಾಲು ಸರಿಯಿಲ್ಲದೆ ಆ ಎತ್ತರದ ಮೆಟ್ಟಿಲು ಹತ್ತಲಾಗದವರೊಬ್ಬರು ಇರಲಿ. ಡ್ರೈವರ್, ಕಂಡಕ್ಟರ್ ಕೂಡ ಇರಬೇಕು, ಡಿಪೊ ವ್ಯವಸ್ಥಾಪಕರ ಕೆಳಗಿನ ನೌಕರರಾಗಿ ಅಲ್ಲ, ಸದಸ್ಯರಾಗಿ. ಎರಡು ತಿಂಗಳಿಗೊಮ್ಮೆ ಸಭೆ ಸೇರಲಿ. ಭತ್ಯೆ ಬೇಡ, ಟೀ ಕೊಟ್ಟರೆ ಸಾಕು. ಹೋದ ಸಭೆಯಲ್ಲಿ ಕೇಳಿದ್ದು ಏನಾಯಿತು ಅನ್ನುವುದನ್ನು ಬರೆದು ಬಸ್ ನಿಲ್ದಾಣದ ಗೋಡೆಗೆ ಅಂಟಿಸಲಿ. ಎಲ್ಲಾ ತಾಲ್ಲೂಕಿಗೂ ಒಂದೇ ಸಲ ಕಷ್ಟ ಅನ್ನುವುದಾದರೆ ನಾಲ್ಕು ನಿಗಮಗಳಲ್ಲಿ ಒಂದೊಂದು ತಾಲ್ಲೂಕು ಆರಿಸಿ ಒಂದು ವರ್ಷ ಮಾಡಿ ನೋಡಿ.

ದುಡ್ಡಿನ ಲೆಕ್ಕ ನೋಡಲು ಸಿಎಜಿ ಇದ್ದಾರೆ, ವಾರ್ಷಿಕ ವರದಿ ವಿಧಾನಮಂಡಲದ ಮುಂದೆ ಹೋಗುತ್ತದೆ, ಮೇಲ್ವಿಚಾರಣೆ ಇದ್ದೇ ಇದೆ ಅಂತ ನಿಮ್ಮ ಅಧಿಕಾರಿಗಳು ಟಿಪ್ಪಣಿ ಬರೆಯಬಹುದು. ಅದು ಸುಳ್ಳಲ್ಲ. ಆದರೆ ಆ ವರದಿಯಲ್ಲಿ ನಮ್ಮ ಸ್ಟಾಪು ಇರುವುದಿಲ್ಲ. ಇಷ್ಟು ದೊಡ್ಡ ರಾಜ್ಯದ ವರದಿಯಲ್ಲಿ ಇರಲಿ ಅಂತ ಕೇಳುವುದೂ ಸರಿಯಲ್ಲ. ಅದಕ್ಕೇ ತಾಲ್ಲೂಕಿನಲ್ಲಿ ಕೂತು ನೋಡುವ ಜಾಗ ಕೇಳುತ್ತಿದ್ದೇವೆ.

ನಮ್ಮ ಕಡೆಯಿಂದ ಆಗುವುದನ್ನೂ ಹೇಳುತ್ತೇನೆ. ಸಮುದಾಯ ಭವನದ ಒಂದು ಕೋಣೆಯನ್ನು ಬಸ್ಸಿನವರಿಗೆ ಬಿಟ್ಟುಕೊಡಲು ಪಂಚಾಯಿತಿಯಲ್ಲಿ ಮಾತಾಡಿದ್ದೇವೆ, ಒಪ್ಪಿದ್ದಾರೆ. ಬಾಯಿಮಾತಿನ ಒಪ್ಪಿಗೆ, ಠರಾವು ಮುಂದಿನ ಸಭೆಯಲ್ಲಿ ಆಗುತ್ತದೆ. ಮಂಚ ಬಂದಿದೆ. ಪರದೆ ಎರಡೂ ಹೊಲಿದು ಮಡಚಿ ಇಟ್ಟಿದ್ದೇನೆ. ಹಾಲ್ಟಿಂಗ್ ಬಸ್ಸು ವಾಪಸ್ ಬರುವುದಾದರೆ ಆ ರಾತ್ರಿಯಿಂದಲೇ ಮಲಗಬಹುದು.

ಪುಸ್ತಕದ ಹಿಂಬದಿಯ ಪುಟಗಳ ಜೆರಾಕ್ಸ್ ಈ ಪತ್ರದ ಜೊತೆ ಇದೆ. ಕೆಲವು ಕಡೆ ಬ್ಲೌಸಿನ ಅಳತೆ ಸೇರಿಕೊಂಡಿದೆ, ಅದನ್ನು ಬಿಟ್ಟು ಓದಿಕೊಳ್ಳಿ.

ಉತ್ತರ ಬರೆಯುವುದಾದರೆ ದಯವಿಟ್ಟು ಒಂದು ಪ್ರತಿಯನ್ನು ಫೋನಿಗೂ ಕಳಿಸಿ. ಅಂಚೆ ಚೀಲ ಬರುವುದು ಏಳೂ ನಲವತ್ತರ ಬಸ್ಸಿನಲ್ಲೇ.

ಇಂತಿ ತಮ್ಮ ವಿಶ್ವಾಸಿ,
ಬಸ್ ಸ್ಟಾಪಿನ ಎದುರು ಅಂಗಡಿಯ ಟೈಲರ್